ಆರಿಸಲು ಬರುವ ಬೆಂಕಿಯನ್ನೇ ಆರಿಸಿಕೊಳ್ಳಿ: ಸ್ವಂತ ಜಾಗದಲ್ಲಿ ಬೆಂಕಿ, ಅದರ ನಿಯಮ, ಅದರ ಅನುಮತಿ

ಮರ ಸವರಿದ ಮೇಲೆ ಉಳಿದ ಕೊಂಬೆಗಳನ್ನು ಹಿತ್ತಲ ಮೂಲೆಯಲ್ಲಿ ಒಟ್ಟಿದ್ದೆ. ಎರಡು ತಿಂಗಳಲ್ಲಿ ಎಲ್ಲ ಗರಿಗರಿಯಾಗಿ ಒಣಗಿತು. ಒಂದು ಸಂಜೆ ಗಾಳಿ ಇಲ್ಲ ಅಂತ ನೋಡಿಕೊಂಡು ಬೆಂಕಿ ಕೊಟ್ಟೆ. ನನ್ನ ಜಾಗ, ನನ್ನ ಕಸ, ಯಾರನ್ನು ಯಾಕೆ ಕೇಳಬೇಕು ಅಂತ ಅಂದುಕೊಂಡಿದ್ದೆ. ಹತ್ತೇ ನಿಮಿಷದಲ್ಲಿ ಉರಿ ನನ್ನ ತಲೆಗಿಂತ ಮೇಲೆ ಹೋಯಿತು. ರಾಶಿಯ ಒಳಗಿದ್ದ ತರಗೆಲೆ ಒಮ್ಮೆಗೇ ಹೊತ್ತಿಕೊಂಡಿತು. ಸುಟ್ಟು ಕಪ್ಪಾದ ಎಲೆಗಳು, ಅಂಚಿನಲ್ಲಿ ಇನ್ನೂ ಕೆಂಪು ಗೆರೆ ಉಳಿಸಿಕೊಂಡು, ಮೇಲೆ ಹಾರಿ ಬೇಲಿಯ ಆಚೆ ಇಳಿಯತೊಡಗಿದವು. ಹೊಗೆ ನೋಡಿದ ಯಾರೋ ಫೋನ್ ಮಾಡಿದ್ದರು. ಅಗ್ನಿಶಾಮಕ ವಾಹನ ಬಂತು. ಇಳಿದು ಬಂದವರು ಗದರಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು: “ಇದನ್ನ ಈಗಿಂದೀಗ ಆರಿಸಬೇಕು ಅಂದ್ರೆ ನಿಮಗೆ ಎಷ್ಟು ಹೊತ್ತು ಬೇಕು?” ನನ್ನ ಹತ್ತಿರ ಇದ್ದದ್ದು ಒಂದು ಬಕೆಟ್ ನೀರು. ನಲ್ಲಿ ಮನೆಯ ಇನ್ನೊಂದು ಪಕ್ಕದಲ್ಲಿತ್ತು.

ಆಮೇಲೆ ಬೇರೆ ಬೇರೆ ಊರು, ದೇಶಗಳ ನಿಯಮಗಳನ್ನು ಕೂತು ಓದಿದೆ. ಓದುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ರಾಶಿ ಎಷ್ಟು ದೊಡ್ಡದಿರಬಹುದು, ಗೋಡೆಯಿಂದ ಎಷ್ಟು ದೂರ, ಯಾವ ತಿಂಗಳು, ಯಾವ ಹೊತ್ತು, ಹತ್ತಿರ ಏನಿರಬೇಕು ಅನ್ನುವ ಷರತ್ತುಗಳಲ್ಲಿ ಹೆಚ್ಚಿನವು ಆ ಒಂದು ಪ್ರಶ್ನೆಯ ಸುತ್ತಲೇ ಇವೆ. ಕನ್ನಡದಲ್ಲಿ ‘ಆರಿಸು’ ಅನ್ನುವ ಪದಕ್ಕೆ ಎರಡು ಅರ್ಥ ಇದೆ ನೋಡಿ: ನಂದಿಸುವುದು, ಆಯ್ದುಕೊಳ್ಳುವುದು. ಸ್ವಂತ ಜಾಗದ ಬೆಂಕಿಯ ವಿಷಯದಲ್ಲಿ ಆ ಎರಡೂ ಒಂದೇ ಕೆಲಸ. ಬೇಗ ಆರಿಸಲು ಬರುವ ಬೆಂಕಿಯನ್ನು ಆರಿಸಿಕೊಂಡರೆ ಅನುಮತಿಯ ತಲೆನೋವೂ ಕಡಿಮೆ. ಆರಿಸಲು ಕಷ್ಟವಾದದ್ದನ್ನು ಆರಿಸಿಕೊಂಡರೆ ಷರತ್ತುಗಳ ಪಟ್ಟಿ ಉದ್ದ.

ಬೆಂಕಿ ಯಾಕೆ ಬೇಕು?

ಮೊದಲು ಇದಕ್ಕೆ ಉತ್ತರ ಕೊಟ್ಟುಕೊಳ್ಳಿ. ಒಣ ಕೊಂಬೆ, ಎಲೆ ತೀರಿಸಬೇಕೋ? ಅಥವಾ ಸಂಜೆ ನಾಲ್ಕು ಜನ ಸುತ್ತ ಕೂತು ಕೈ ಕಾಯಿಸಿಕೊಳ್ಳಬೇಕೋ? ನಮಗೆ ಎರಡೂ ಬೆಂಕಿಯೇ. ಕಾನೂನಿಗೆ ಹಾಗಲ್ಲ. ಮೊದಲನೆಯದು ಕಸ ವಿಲೇವಾರಿ, ಎರಡನೆಯದು ಮನರಂಜನೆ. ಎರಡಕ್ಕೂ ಬೇರೆ ಬೇರೆ ಕಲಮು, ಬೇರೆ ಬೇರೆ ಅಳತೆ, ಎಷ್ಟೋ ಕಡೆ ಬೇರೆ ಬೇರೆ ಕಚೇರಿ.

ಅಮೆರಿಕದ ಎಷ್ಟೋ ಊರುಗಳು ‘ಇಂಟರ್‌ನ್ಯಾಷನಲ್ ಫೈರ್ ಕೋಡ್’ ಅನ್ನುವ ಮಾದರಿ ನಿಯಮವನ್ನು ತಮ್ಮದಾಗಿಸಿಕೊಂಡಿವೆ. ಬೆಂಕಿ ದೊಡ್ಡದಾದಂತೆ ಷರತ್ತೂ ಏರುವ ಮೆಟ್ಟಿಲು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ದೊಡ್ಡ ರಾಶಿ ಸುಡುವ ಬೆಂಕಿ ಕಟ್ಟಡದಿಂದ 50 ಅಡಿ ದೂರ ಇರಬೇಕು. 3 ಅಡಿ ಅಗಲ, 2 ಅಡಿ ಎತ್ತರ ಮೀರದ, ಸುತ್ತ ಕೂರುವ ಸಣ್ಣ ಬೆಂಕಿಗೆ 25 ಅಡಿ ಸಾಕು. ಎತ್ತಿಡಬಹುದಾದ ಒಲೆಗೆ 15 ಅಡಿ. ಒಂದೋ ಎರಡೋ ಮನೆ ಇರುವ ಸಣ್ಣ ಕಟ್ಟಡವಾದರೆ ಆ 15 ಅಡಿಯಿಂದಲೂ ವಿನಾಯಿತಿ ಇದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲೂ ಇದೇ ಲೆಕ್ಕ. ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಎತ್ತರದೊಳಗಿನ ಬೆಂಕಿ ಮೊದಲ ದರ್ಜೆ. 2 ಮೀಟರ್ ಎತ್ತರ, 3 ಮೀಟರ್ ಅಗಲದವರೆಗಿನ ರಾಶಿ ಎರಡನೆಯ ದರ್ಜೆ. ಅದನ್ನೂ ಮೀರಿದ್ದು ಮೂರನೆಯದು, ಅದಕ್ಕೆ ಮುಂಚೆಯೇ ನೋಂದಣಿ ಸಂಖ್ಯೆ ತೆಗೆದುಕೊಳ್ಳಬೇಕು. ಬೆಂಕಿ ಚಿಕ್ಕದಾದಷ್ಟೂ ಕಾಗದಪತ್ರ ಕಡಿಮೆ, ಅಲ್ವಾ?

ನಿಮ್ಮ ಊರಿನ ಅಳತೆ ಬೇರೆ ಇರಬಹುದು. ಮೆಟ್ಟಿಲು ಮಾತ್ರ ಸಾಮಾನ್ಯವಾಗಿ ಇದೇ ರೀತಿ ಇರುತ್ತದೆ.

ಯಾರನ್ನು ಕೇಳಬೇಕು?

ಇಲ್ಲಿ ತುಂಬಾ ಜನ ಎಡವುತ್ತಾರೆ. ಒಂದು ಕಚೇರಿಯಲ್ಲಿ “ಪರವಾಗಿಲ್ಲ” ಅಂದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಅಗ್ನಿಶಾಮಕ ದಳ ನೋಡುವುದು ಬೆಂಕಿ ಹರಡುತ್ತದಾ ಅಂತ. ಮಾಲಿನ್ಯ ಅಥವಾ ಗಾಳಿಯ ಗುಣಮಟ್ಟ ನೋಡುವವರಿಗೆ ಹೊಗೆಯ ಚಿಂತೆ. ನಗರಸಭೆ, ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಗೆ ಕಸದ ನಿಯಮ ಮುಖ್ಯ. ಕಾಡಿನ ಅಂಚಿನ ಜಮೀನಾದರೆ ಅರಣ್ಯ ಇಲಾಖೆಯೂ ಸೇರುತ್ತದೆ. ಇದರ ಮೇಲೆ ಬಾಡಿಗೆ ಕರಾರು, ಬಡಾವಣೆಯ ಸಂಘದ ನಿಯಮ, ಮನೆಯ ವಿಮೆ. ಇಷ್ಟರಲ್ಲಿ ಯಾವುದು ಅತಿ ಬಿಗಿಯೋ ಅದೇ ನಿಮಗೆ ಲಾಗು. ಮೂರು ಜನ ಹೂಂ ಅಂದು ಒಬ್ಬರು ಬೇಡ ಅಂದರೆ, ಬೇಡ.

ದೇಶದಿಂದ ದೇಶಕ್ಕೆ ರೀತಿ ಹೇಗೆ ಬದಲಾಗುತ್ತದೆ ನೋಡಿ. ಇಂಗ್ಲೆಂಡಿನಲ್ಲಿ ಮನೆಯ ತೋಟದಲ್ಲಿ ಬೆಂಕಿ ಹಾಕಬಾರದು ಅಂತ ಕಾನೂನೇ ಇಲ್ಲ, ಅನುಮತಿಯೂ ಬೇಕಿಲ್ಲ. ಆದರೆ 1990ರ ಪರಿಸರ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿಮ್ಮ ಹೊಗೆ ಪಕ್ಕದವರಿಗೆ ಕಾಟವಾದರೆ ಸ್ಥಳೀಯ ಸಂಸ್ಥೆ ನೋಟಿಸ್ ಕೊಡಬಹುದು. ಹೊಗೆ ರಸ್ತೆಗೆ ಅಡ್ಡ ಹೋಗಿ ವಾಹನ ಓಡಿಸುವವರಿಗೆ ಅಪಾಯವಾದರೆ ಅದು ಬೇರೆಯೇ ಅಪರಾಧ. ನ್ಯೂಜಿಲೆಂಡಿನಲ್ಲಿ ಪ್ರದೇಶವನ್ನು ಹವಾಮಾನಕ್ಕೆ ತಕ್ಕಂತೆ ಮೂರು ಸ್ಥಿತಿಯಲ್ಲಿ ಇಡುತ್ತಾರೆ: ಮುಕ್ತ, ನಿರ್ಬಂಧಿತ, ನಿಷೇಧಿತ. ಮುಕ್ತ ಕಾಲದಲ್ಲಿ ಸಾಮಾನ್ಯವಾಗಿ ಪರ್ಮಿಟ್ ಬೇಕಿಲ್ಲ, ನಿರ್ಬಂಧಿತ ಕಾಲದಲ್ಲಿ ಬೇಕು, ನಿಷೇಧಿತ ಕಾಲದಲ್ಲಿ ಹೊರಗೆ ಬೆಂಕಿ ಹಚ್ಚುವ ಹಾಗೇ ಇಲ್ಲ. ಭಾರತದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಬಯಲಿನಲ್ಲಿ ಕಸ ಸುಡುವುದನ್ನೇ ನಿಷೇಧಿಸಿತು. ಅಂದರೆ ಕಸದ ಬೆಂಕಿಗೆ ಅಲ್ಲಿ ಅನುಮತಿ ಹುಡುಕುವ ಪ್ರಶ್ನೆಯೇ ಏಳುವುದಿಲ್ಲ, ಬೇರೆ ದಾರಿ ನೋಡಬೇಕು.

ಈಗ ಒಂದೊಂದೇ ಆಯ್ಕೆ ನೋಡೋಣ.

ಬಯಲು ರಾಶಿ: ಅತಿ ದೊಡ್ಡ ಬೆಂಕಿ, ಅತಿ ಉದ್ದದ ಷರತ್ತು

ಕೊಂಬೆ, ಎಲೆ, ಒಣ ಹುಲ್ಲು ಒಟ್ಟಿ ನೆಲದ ಮೇಲೆ ಸುಡುವುದು ಇದು. ದೊಡ್ಡ ಜಮೀನು, ಸುತ್ತ ಖಾಲಿ ಜಾಗ, ಅತ್ತಿತ್ತ ಮನೆ ಇಲ್ಲ ಅನ್ನುವವರಿಗೆ ಮಾತ್ರ ಇದು ಸರಿ ಹೋಗುತ್ತದೆ. ಊರೊಳಗಿನ ಸಣ್ಣ ಹಿತ್ತಲಿಗೆ ಇದನ್ನು ನಾನು ಹೇಳುವುದಿಲ್ಲ, ನಿಯಮ ಬಿಟ್ಟರೂ ಹೇಳುವುದಿಲ್ಲ.

ಕ್ಯಾಲಿಫೋರ್ನಿಯಾದ ಅಗ್ನಿಶಾಮಕ ಇಲಾಖೆ ಕಾಲ್‌ಫೈರ್ ಮನೆಯವರಿಗೆ ಹಾಕುವ ಷರತ್ತುಗಳು ಒಳ್ಳೆಯ ಮಾದರಿ. ರಾಶಿ 4 ಅಡಿ ಅಗಲ, 4 ಅಡಿ ಎತ್ತರ ಮೀರಬಾರದು. ರಾಶಿಯ ಅಂಚಿನಿಂದ ಸುತ್ತಲೂ 10 ಅಡಿ ನೆಲದಲ್ಲಿ ಹುಲ್ಲು, ಎಲೆ, ಹೊತ್ತಿಕೊಳ್ಳುವ ಯಾವುದೂ ಇರಬಾರದು. ಪೂರ್ತಿ ಆರುವವರೆಗೆ ದೊಡ್ಡವರೊಬ್ಬರು ಅಲ್ಲೇ ನಿಂತಿರಬೇಕು, ಸನಿಕೆ ಮತ್ತು ನೀರು ಕೈಗೆ ಸಿಗುವಂತಿರಬೇಕು. ನಾನು ಆ ಸಂಜೆ ಹಚ್ಚಿದ ರಾಶಿ ಇದರ ಎರಡರಷ್ಟಾದರೂ ಇತ್ತು. 4 ಅಡಿಯ ರಾಶಿಯನ್ನು ಒಂದು ಪೈಪಿನ ನೀರಿನಲ್ಲಿ ಒಬ್ಬ ಮನುಷ್ಯ ಹಿಡಿತಕ್ಕೆ ತರಬಹುದು. 8 ಅಡಿಯದ್ದಕ್ಕೆ ಹತ್ತಿರ ಹೋಗಲೂ ಆಗುವುದಿಲ್ಲ, ಮುಖ ಸುಡುತ್ತದೆ.

ಹೆಚ್ಚು ಕಸ ಇದ್ದರೆ ರಾಶಿ ದೊಡ್ಡದು ಮಾಡಬೇಡಿ. ಸಣ್ಣ ರಾಶಿಗೆ ಬೆಂಕಿ ಕೊಟ್ಟು, ಅದು ಕೆಂಡಕ್ಕೆ ಇಳಿದ ಮೇಲೆ ಪಕ್ಕದಲ್ಲಿಟ್ಟ ಕೊಂಬೆಗಳನ್ನು ಒಂದೊಂದೇ ಹಾಕುತ್ತಾ ಹೋಗಿ. ಸಮಯ ಜಾಸ್ತಿ ಹಿಡಿಯುತ್ತದೆ. ಆದರೆ ಯಾವ ಕ್ಷಣದಲ್ಲಾದರೂ ಹಾಕುವುದು ನಿಲ್ಲಿಸಿದರೆ ಬೆಂಕಿ ತಾನೇ ಇಳಿಯುತ್ತದೆ. ಇನ್ನೊಂದು ಮಾತು, ಇದು ನನಗೆ ಮುಖ್ಯ. ಎಷ್ಟೋ ವಾರ ಬಿದ್ದಿದ್ದ ರಾಶಿಯೊಳಗೆ ಕಪ್ಪೆ, ಹಾವು, ಹೆಗ್ಗಣ, ಗೂಡು ಕಟ್ಟಿದ ಹಕ್ಕಿ ಇರುತ್ತವೆ. ಸುಡುವ ದಿನವೇ ರಾಶಿಯನ್ನು ಪಕ್ಕದ ಜಾಗಕ್ಕೆ ಎತ್ತಿ ಹಾಕಿ. ಅವಕ್ಕೆ ಓಡಿ ಹೋಗಲು ದಾರಿ ಸಿಗುತ್ತದೆ.

ಮರದ ಬುಡದ ಹತ್ತಿರ, ಹಳೆಯ ಬೊಡ್ಡೆಯ ಮೇಲೆ ರಾಶಿ ಹಾಕಬಾರದು. ಬೇರಿಗೆ ಹತ್ತಿದ ಬೆಂಕಿ ಮಣ್ಣಿನೊಳಗೆ ಉರಿಯಿಲ್ಲದೆ ಕನಲುತ್ತಾ ದಿನಗಟ್ಟಲೆ ಹೋಗಿ, ಅಷ್ಟು ದೂರದಲ್ಲಿ ಮೇಲೆ ಬರುತ್ತದೆ.

ಡ್ರಮ್ಮಿನಲ್ಲಿ ಸುಡುವುದು: ಬೇಡ

ಕಬ್ಬಿಣದ ಡ್ರಮ್ಮಿಗೆ ತೂತು ಹೊಡೆದು ಅದರಲ್ಲಿ ಕಸ ಸುಡುವುದು ಸುರಕ್ಷಿತ ಅಂತ ಕಾಣುತ್ತದೆ. ಬೆಂಕಿ ಪೆಟ್ಟಿಗೆಯೊಳಗೆ ಇದೆ, ಮೇಲೆ ಜಾಲರಿ ಮುಚ್ಚಿದರೆ ಕಿಡಿ ಹಾರದು. ಹರಡುವ ಅಪಾಯದ ಮಟ್ಟಿಗೆ ಅದು ನಿಜ. ತೊಂದರೆ ಇರುವುದು ಒಳಗೆ ಏನು ಬೀಳುತ್ತದೆ ಅನ್ನುವುದರಲ್ಲಿ. ಡ್ರಮ್ ಇದ್ದ ಮನೆಯಲ್ಲಿ ಮೊದಲು ಎಲೆ, ಆಮೇಲೆ ಕಾಗದ, ಆಮೇಲೆ ಪ್ಲಾಸ್ಟಿಕ್ ಕವರ್ ಕೂಡ ಒಳಗೆ ಹೋಗುತ್ತದೆ. ಡ್ರಮ್ಮಿನ ಬೆಂಕಿಗೆ ಗಾಳಿ ಸಾಲದು, ಶಾಖವೂ ಸಾಲದು. ಅಂಥ ಅರೆಬರೆ ಬೆಂಕಿಯಲ್ಲಿ ಮನೆಯ ಕಸ ಸುಟ್ಟರೆ ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಅದು ಹುಲ್ಲಿನ ಮೇಲೆ ಕೂರುತ್ತದೆ, ಹುಲ್ಲು ಮೇದ ದನದ ಕೊಬ್ಬಿನಲ್ಲಿ ಉಳಿಯುತ್ತದೆ, ಹಾಲು ಮಾಂಸದ ಮೂಲಕ ನಮ್ಮ ಮೈಗೆ ಬರುತ್ತದೆ. ದೊಡ್ಡ ಕಾರ್ಖಾನೆಗಳ ಚಿಮಣಿಗೆ ಕಡಿವಾಣ ಬಿದ್ದ ಮೇಲೆ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮನೆಯ ಹಿತ್ತಲ ಕಸದ ಬೆಂಕಿಯನ್ನೇ ಡಯಾಕ್ಸಿನ್ನಿನ ದೊಡ್ಡ ಮೂಲಗಳ ಸಾಲಿಗೆ ಸೇರಿಸಿತು. ಆದ್ದರಿಂದ ಎಷ್ಟೋ ಕಡೆ ಡ್ರಮ್ಮಿಗೆ ಅನುಮತಿಯೇ ಸಿಗುವುದಿಲ್ಲ. ಸಿಗುವ ಕಡೆಯೂ ಒಣ ಎಲೆ, ಕೊಂಬೆಗೆ ಮಾತ್ರ.

ಬಣ್ಣ ಬಳಿದ ಹಲಗೆ, ಪ್ಲೈವುಡ್, ಹುಳ ಹಿಡಿಯದಂತೆ ರಾಸಾಯನಿಕ ಕುಡಿಸಿದ ಮರ ಯಾವ ಬೆಂಕಿಗೂ ಸಲ್ಲದು. ಹಳೆಯ ಹಸಿರು ಬಣ್ಣದ ಬೇಲಿ ಹಲಗೆಯಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಇರಬಹುದು. ಸುಟ್ಟರೆ ಆರ್ಸೆನಿಕ್ ಹೊಗೆಯಲ್ಲೂ ಇರುತ್ತದೆ, ಬೂದಿಯಲ್ಲೂ ಉಳಿಯುತ್ತದೆ. ಆ ಬೂದಿಯನ್ನು ಗಿಡದ ಬುಡಕ್ಕೆ ಹಾಕಿದರೆ ವಿಷ ಮಣ್ಣಿಗೆ.

ನೆಲದ ಗುಂಡಿ, ಕಲ್ಲಿನ ಸುತ್ತು

ಸುತ್ತ ಕೂರಲು ಬೆಂಕಿ ಬೇಕು, ಸೌದೆಯ ವಾಸನೆ, ಸದ್ದು ಬೇಕು ಅನ್ನುವವರ ಆಯ್ಕೆ ಇದು. ಅನುಮತಿಯ ದೃಷ್ಟಿಯಿಂದ ಇದು ನಡುವಿನ ಮೆಟ್ಟಿಲು. ಎಷ್ಟೋ ಕಡೆ ಪರ್ಮಿಟ್ ಬೇಕಿಲ್ಲ, ಆದರೆ ಅಳತೆ, ದೂರ, ಕಾವಲು ಮೂರೂ ಷರತ್ತು ಇರುತ್ತವೆ. ಕೆಲವು ಕಡೆ ಶಾಶ್ವತವಾಗಿ ಕಟ್ಟುವ ಗುಂಡಿಗೆ ಒಮ್ಮೆ ಬಂದು ನೋಡಿ ಒಪ್ಪಿಗೆ ಕೊಡುತ್ತಾರೆ.

ಕಟ್ಟುವಾಗ ನದಿಯ ನುಣುಪು ಕಲ್ಲು ಬಳಸಬೇಡಿ. ಅದರ ಸೀಳಿನೊಳಗೆ ನೀರು ಉಳಿದಿರುತ್ತದೆ. ಕಾದಾಗ ಆವಿಯಾಗಿ ಕಲ್ಲು ಸಿಡಿಯುತ್ತದೆ, ಚೂರು ಕಣ್ಣಿಗೆ ಹಾರುತ್ತದೆ. ಬೆಂಕಿ ತಡೆಯುವ ಇಟ್ಟಿಗೆಯೋ ದಪ್ಪ ಕಬ್ಬಿಣದ ಬಳೆಯೋ ಒಳ್ಳೆಯದು. ಮೇಲೆ ನೋಡುವುದನ್ನೂ ಮರೆಯಬೇಡಿ. ದೂರ ಅಳೆಯುವಾಗ ಎಲ್ಲರೂ ಗೋಡೆ, ಬೇಲಿ ನೋಡುತ್ತಾರೆ. ತಲೆಯ ಮೇಲೆ ಚಾಚಿದ ಕೊಂಬೆ, ಕರೆಂಟಿನ ತಂತಿ ಕಣ್ಣಿಗೆ ಬೀಳುವುದಿಲ್ಲ.

ಸೌದೆ ಒಣಗಿರಬೇಕು. ತೇವ 20 ಶೇಕಡಾಕ್ಕಿಂತ ಕಡಿಮೆ ಇದ್ದರೆ ಹೊಗೆ ಕಡಿಮೆ. ಅಳೆಯಲು ಸಣ್ಣ ಮೀಟರ್ ಸಿಗುತ್ತದೆ. ಅದಿಲ್ಲದಿದ್ದರೆ ಎರಡು ತುಂಡು ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದು ಠಣ್ ಅನ್ನುತ್ತದೆ, ಹಸಿಯದ್ದು ಮಂಕಾಗಿ ಸದ್ದು ಮಾಡುತ್ತದೆ. ಹೊಗೆಯ ಕಣಗಳಲ್ಲಿ ಅತಿ ಸಣ್ಣವು 2.5 ಮೈಕ್ರೋಮೀಟರಿಗಿಂತ ಚಿಕ್ಕವು, ತಲೆಕೂದಲ ಮೂವತ್ತರಲ್ಲಿ ಒಂದು ಪಾಲು. ಮೂಗಿನಲ್ಲಿ ತಡೆಯುವುದಿಲ್ಲ, ನೇರ ಶ್ವಾಸಕೋಶದ ಆಳಕ್ಕೆ ಹೋಗುತ್ತವೆ. ಪಕ್ಕದ ಮನೆಯಲ್ಲಿ ಉಬ್ಬಸದವರೋ ಪುಟ್ಟ ಮಗುವೋ ಇದ್ದರೆ ನಿಮ್ಮ ಕಾಗದದಲ್ಲಿ ಎಷ್ಟೇ ಸರಿ ಇದ್ದರೂ ಆ ಸಂಜೆ ಅವರಿಗೆ ಉಸಿರು ಕಟ್ಟುತ್ತದೆ. ಹಚ್ಚುವ ಮೊದಲು ಹೋಗಿ ಒಂದು ಮಾತು ಹೇಳಿ. ಅವರು ಕಿಟಕಿಯನ್ನಾದರೂ ಮುಚ್ಚಿಕೊಳ್ಳುತ್ತಾರೆ, ಒಣಗಲು ಹಾಕಿದ ಬಟ್ಟೆಯನ್ನಾದರೂ ಒಳಗೆ ತೆಗೆದುಕೊಳ್ಳುತ್ತಾರೆ.

ಎತ್ತಿಡುವ ಒಲೆ: ಬಾಣಲೆ, ಚಿಮಣಿ, ‘ಹೊಗೆ ಇಲ್ಲದ’ ಮಾದರಿ

ಕಾಲಿನ ಮೇಲೆ ನಿಲ್ಲುವ ಲೋಹದ ಬಾಣಲೆ, ಕತ್ತು ಉದ್ದದ ಮಣ್ಣಿನ ಒಲೆ, ಎರಡು ಪದರದ ಸ್ಟೀಲ್ ಒಲೆ ಎಲ್ಲ ಇದರಲ್ಲಿ ಬರುತ್ತವೆ. ಜಾಗ ಕಡಿಮೆ ಇರುವವರಿಗೆ, ಬಾಡಿಗೆ ಮನೆಯವರಿಗೆ ಸೌದೆಯ ಆಯ್ಕೆಗಳಲ್ಲಿ ಇದೇ ವಾಸಿ. ಬೆಂಕಿಯ ಗಾತ್ರಕ್ಕೆ ಪಾತ್ರೆಯೇ ಮಿತಿ ಹಾಕುತ್ತದೆ. ಜಾಲರಿ ಮುಚ್ಚಳ ಹಾಕಿದರೆ ಕಿಡಿಯೂ ಹಾರುವುದಿಲ್ಲ.

ಎರಡು ಪದರದ ಒಲೆ ಕೆಲಸ ಮಾಡುವ ರೀತಿ ಚೆನ್ನಾಗಿದೆ. ಕೆಳಗಿನಿಂದ ಒಳಗೆ ಬಂದ ಗಾಳಿ ಎರಡು ಗೋಡೆಯ ನಡುವೆ ಏರುತ್ತಾ ಕಾಯುತ್ತದೆ. ಬಾಯಿಯ ಹತ್ತಿರದ ತೂತುಗಳಿಂದ ಹೊರಬಂದು, ಮೇಲೇಳುವ ಹೊಗೆಯನ್ನು ಇನ್ನೊಮ್ಮೆ ಹೊತ್ತಿಸುತ್ತದೆ. ಒಣ ಸೌದೆ ಹಾಕಿ, ಒಲೆ ಕಾದ ಮೇಲೆ, ಹೊಗೆ ನಿಜವಾಗಿಯೂ ತುಂಬಾ ಕಡಿಮೆ. ಹಚ್ಚುವಾಗ ಮತ್ತು ಆರುವಾಗ ಮಾತ್ರ ಎಲ್ಲ ಒಲೆಯ ಹಾಗೆ ಹೊಗೆ ಬರುತ್ತದೆ. ಡಬ್ಬದ ಮೇಲೆ ‘ಹೊಗೆ ಇಲ್ಲ’ ಅಂತ ಬರೆದಿದೆ ಅಂದ ಮಾತ್ರಕ್ಕೆ ನಿಷೇಧದ ದಿನ ಹಚ್ಚಬಹುದು ಅಂದುಕೊಳ್ಳಬೇಡಿ. ನಿಯಮದ ಕಣ್ಣಿಗೆ ಅದು ಸೌದೆಯ ಬೆಂಕಿಯೇ.

ಮರದ ಹಲಗೆ ಹಾಸಿದ ಜಗುಲಿ, ಬಾಲ್ಕನಿ, ಚಾವಣಿಯ ಕೆಳಗೆ ಇದನ್ನು ಇಡಬಾರದು.

ಗ್ಯಾಸ್ ಬೆಂಕಿ: ತಿರುಗಿಸಿದರೆ ಆರುತ್ತದೆ

ಆ ಸಂಜೆಯ ಪ್ರಶ್ನೆಗೆ ಅತಿ ಒಳ್ಳೆಯ ಉತ್ತರ ಕೊಡುವುದು ಇದು. ಎಷ್ಟು ಹೊತ್ತು ಬೇಕು? ಒಂದು ಕ್ಷಣ. ಗ್ಯಾಸಿನ ನಾಬ್ ತಿರುಗಿಸಿದರೆ ಆಯಿತು. ಕಿಡಿ ಇಲ್ಲ, ಕೆಂಡ ಇಲ್ಲ, ಬೂದಿ ಇಲ್ಲ. ಈ ಕಾರಣಕ್ಕೇ ಸೌದೆಗೆ ನಿಷೇಧ ಇರುವ ದಿನವೂ ಕೆಲವು ಕಡೆ ಗ್ಯಾಸಿಗೆ ಅವಕಾಶ ಇದೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಸಣ್ಣ ಬೆಂಕಿಗೂ ನಿಷೇಧ ಇದ್ದಾಗ, ಪ್ರಮಾಣೀಕರಿಸಿದ ಗ್ಯಾಸ್ ಸಾಧನವನ್ನು ಉರಿ 15 ಸೆಂ.ಮೀ.ಗಿಂತ ಕಡಿಮೆ ಇಟ್ಟುಕೊಂಡು ಬಳಸಬಹುದು. ಎಲ್ಲ ಕಡೆ ಹೀಗಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಪೂರ್ಣ ನಿಷೇಧದ ದಿನ ಅಡುಗೆಗೆ ಮಾತ್ರ ಗ್ಯಾಸ್ ಒಲೆ ಹಚ್ಚಬಹುದು. ಅದಕ್ಕೂ ಸುತ್ತ 3 ಮೀಟರ್ ನೆಲ ಖಾಲಿ ಇರಬೇಕು, ನಲ್ಲಿಗೆ ಹಾಕಿದ ಪೈಪು ಅಥವಾ 10 ಲೀಟರ್ ನೀರು ಹತ್ತಿರ ಇರಬೇಕು, ದೊಡ್ಡವರು ಪಕ್ಕದಲ್ಲೇ ಇರಬೇಕು.

ಗ್ಯಾಸಿನ ಅಪಾಯ ಬೇರೆ ಥರದ್ದು. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ಗುಂಡಿಯ ತಳದಲ್ಲಿ ತುಂಬಿಕೊಳ್ಳುತ್ತದೆ. ಆದ್ದರಿಂದ ಸೌದೆಗೆ ಕಟ್ಟಿದ ಗುಂಡಿಯಲ್ಲಿ ಸುಮ್ನೆ ಬರ್ನರ್ ಇಟ್ಟುಬಿಡಬಾರದು, ತಳದಲ್ಲಿ ಗಾಳಿ ಹೋಗಲು ಕಂಡಿ ಇರಲೇಬೇಕು. ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ನೋಡಿ. ನೆಲದಡಿ ಪೈಪಿನಿಂದ ಗ್ಯಾಸ್ ಎಳೆಯುವುದಾದರೆ ಸಾಮಾನ್ಯವಾಗಿ ಬೇರೆಯೇ ಅನುಮತಿ ಬೇಕು, ಲೈಸೆನ್ಸ್ ಇರುವವರೇ ಮಾಡಬೇಕು.

ಸ್ಪಿರಿಟ್ಟಿನಂಥ ದ್ರವ ಸುರಿದು ಹಚ್ಚುವ ಮೇಜಿನ ಮೇಲಿನ ಪುಟ್ಟ ಬೆಂಕಿಪಾತ್ರೆಗಳು ಈಚೆಗೆ ಜಾಸ್ತಿಯಾಗಿವೆ. ಗಾತ್ರ ನೋಡಿ ಮೋಸ ಹೋಗಬೇಡಿ. ಆ ಉರಿ ಬೆಳಕಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಆರಿದೆ ಅಂದುಕೊಂಡು ಮತ್ತೆ ಸುರಿದರೆ ಬಾಟಲಿಯ ಬಾಯಿಂದಲೇ ಬೆಂಕಿ ಚಿಮ್ಮಿ ಎದುರು ಕೂತವರ ಮೇಲೆ ಬೀಳುತ್ತದೆ. 2024ರ ಡಿಸೆಂಬರಿನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಇಂಥ ಅಪಾಯಕಾರಿ ಪಾತ್ರೆಗಳ ಬಳಕೆಯನ್ನು ಕೂಡಲೇ ನಿಲ್ಲಿಸಿ ಅಂತ ಎಚ್ಚರಿಸಿತು. ಇದಕ್ಕೆ ಅನುಮತಿ ಬೇಕಾ ಅನ್ನುವ ಪ್ರಶ್ನೆಯೇ ಬೇಡ. ಮನೆಗೆ ತರಬೇಡಿ.

ಸುಡದೇ ಇರುವ ಆಯ್ಕೆ

ಕಸ ತೀರಿಸುವುದೇ ನಿಮ್ಮ ಉದ್ದೇಶವಾದರೆ, ದಯವಿಟ್ಟು ಇದನ್ನು ಮೊದಲು ಯೋಚಿಸಿ. ಒಣ ಎಲೆ ಒಳ್ಳೆಯ ಗೊಬ್ಬರ. ಹಸಿ ಸೊಪ್ಪಿನ ಜೊತೆ ಪದರ ಪದರವಾಗಿ ಹಾಕಿ ತೇವ ಇಟ್ಟರೆ ಕೊಳೆಯುತ್ತದೆ. ಕೊಂಬೆಗಳನ್ನು ಚೂರು ಮಾಡುವ ಯಂತ್ರ ಬಾಡಿಗೆಗೆ ಸಿಗುವ ಕಡೆ ಒಂದು ಮಧ್ಯಾಹ್ನದ ಕೆಲಸ. ಆ ಚೂರನ್ನು ಗಿಡದ ಬುಡಕ್ಕೆ ಹಾಸಿದರೆ ನೆಲ ಬೇಗ ಒಣಗುವುದಿಲ್ಲ. ಕಾಡ್ಗಿಚ್ಚು ಬರುವ ಪ್ರದೇಶವಾದರೆ ಮನೆಯ ಗೋಡೆಯಿಂದ ಕನಿಷ್ಠ 5 ಅಡಿ ದೂರ ಇಡಿ, ಅಷ್ಟೇ. ಇದಕ್ಕೆ ಯಾರ ಅನುಮತಿಯೂ ಬೇಡ, ಹವಾಮಾನ ನೋಡಬೇಕಾಗಿಲ್ಲ, ರಾತ್ರಿ ಎದ್ದು ಹೋಗಿ ನೋಡಬೇಕಾಗಿಲ್ಲ. ರೋಗ ಬಿದ್ದ ಗಿಡವನ್ನು ಮಾತ್ರ ಗೊಬ್ಬರಕ್ಕೆ ಹಾಕಬಾರದು. ಕೆಲವು ಕಡೆ ಅಂಥದ್ದನ್ನು ಸುಡಲು ಪ್ರತ್ಯೇಕ ವಿನಾಯಿತಿ ಇರುತ್ತದೆ, ಕೇಳಿ ನೋಡಿ.

ಅನುಮತಿ ಕೈಯಲ್ಲಿದೆ, ಇವತ್ತು ಹಚ್ಚಬಹುದಾ?

ಪರ್ಮಿಟ್ ಸಿಕ್ಕಿದ್ದು ಬೆಂಕಿಗೆ. ಆ ದಿನಕ್ಕೆ ಬೇರೆ ಒಪ್ಪಿಗೆ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಕೈಯಲ್ಲಿ ಪರ್ಮಿಟ್ ಇದ್ದರೂ, ಆ ದಿನ ಸುಡಬಹುದಾದ ದಿನ ಹೌದೋ ಅಲ್ಲವೋ ಅಂತ ಬೆಳಗ್ಗೆಯೇ ವಿಚಾರಿಸಬೇಕು. ವಿಕ್ಟೋರಿಯಾದಲ್ಲಿ ಪೂರ್ಣ ನಿಷೇಧ ಘೋಷಿಸಿದರೆ ಸಾಮಾನ್ಯ ಪರ್ಮಿಟ್ ಆ ದಿನಕ್ಕೆ ನಡೆಯುವುದಿಲ್ಲ.

ಗಾಳಿಯನ್ನು ಅಳೆಯಲು ಯಂತ್ರ ಬೇಡ. ಎಲೆ, ಪುಳ್ಳೆ ಬಿಡದೆ ಅಲ್ಲಾಡುತ್ತಿದ್ದರೆ ವೇಗ ಗಂಟೆಗೆ 12ರಿಂದ 19 ಕಿ.ಮೀ. ನಾನಾದರೆ ಆ ದಿನ ಹಚ್ಚುವುದಿಲ್ಲ. ಹಾಗಂತ ಗಾಳಿ ಪೂರ್ತಿ ನಿಂತ ದಿನವೂ ಒಳ್ಳೆಯದಲ್ಲ. ತಣ್ಣಗಿನ ಮುಂಜಾನೆ ನೆಲದ ಹತ್ತಿರ ತಂಪು ಗಾಳಿ, ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂತಿರುತ್ತದೆ. ಹೊಗೆ ಮೇಲೇಳದೆ ಆ ಮುಚ್ಚಳದ ಕೆಳಗೆ ಹರಡಿ ಎಲ್ಲರ ಕಿಟಕಿಯೊಳಗೆ ಹೋಗುತ್ತದೆ. ಬಿಸಿಲು ಏರಿ ಈ ಮುಚ್ಚಳ ಕರಗಿದ ಮೇಲೆ ಹಚ್ಚುವುದು ವಾಸಿ. ಕೆಲವು ಊರಿನ ನಿಯಮಗಳಲ್ಲಿ ಸುಡುವ ಹೊತ್ತು ಬರೆದಿರುವುದರ ಹಿಂದೆ ಈ ಕಾರಣವೂ ಇರುತ್ತದೆ.

ಕಚೇರಿಗೆ ಫೋನ್ ಮಾಡುವಾಗ “ಬೆಂಕಿ ಹಾಕಬಹುದಾ?” ಅಂತ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಏನು ಸುಡುತ್ತೀರಿ, ರಾಶಿಯ ಅಗಲ ಎತ್ತರ ಎಷ್ಟು, ಹತ್ತಿರದ ಕಟ್ಟಡ ಮತ್ತು ಬೇಲಿ ಎಷ್ಟು ದೂರ, ನೀರು ಎಲ್ಲಿದೆ, ಯಾವ ದಿನ ಎಷ್ಟು ಹೊತ್ತಿಗೆ, ಇಷ್ಟನ್ನು ಬರೆದಿಟ್ಟುಕೊಂಡು ಮಾತಾಡಿ. ಕೊನೆಗೆ ಇನ್ನೊಂದು ಕೇಳಿ: “ಇದಲ್ಲದೆ ಬೇರೆ ಯಾವ ಕಚೇರಿಗೆ ತಿಳಿಸಬೇಕು?” ಹಚ್ಚುವ ಮೊದಲು ಅಗ್ನಿಶಾಮಕ ದಳಕ್ಕೆ ಜಾಗ, ಸಮಯ ಹೇಳಿಟ್ಟರೆ, ಹೊಗೆ ನೋಡಿ ಯಾರಾದರೂ ಫೋನ್ ಮಾಡಿದಾಗ ವಾಹನ ಸುಮ್ನೆ ಓಡಿ ಬರುವುದು ತಪ್ಪುತ್ತದೆ. ಅಷ್ಟು ಹೊತ್ತಿನಲ್ಲಿ ಬೇರೆಲ್ಲೋ ಒಂದು ಮನೆ ಹೊತ್ತಿ ಉರಿಯುತ್ತಿರಬಹುದು. ನನ್ನ ಹಿತ್ತಲಿಗೆ ಬಂದ ಆ ವಾಹನ ನೆನಪಾದಾಗ ನನಗೆ ಈಗಲೂ ಚುಚ್ಚುವುದು ಇದೇ. ಪರ್ಮಿಟ್ ಇದ್ದರೂ ಬೆಂಕಿ ಕೈತಪ್ಪಿ ಪಕ್ಕದ ಜಮೀನಿಗೆ ಹೋದರೆ ಆ ನಷ್ಟ, ಎಷ್ಟೋ ಕಡೆ ಆರಿಸಿದ ಖರ್ಚು ಕೂಡ, ಹಚ್ಚಿದವರ ಮೇಲೆ ಬರಬಹುದು. ವಿಮೆಯ ಕಾಗದವನ್ನೂ ಒಮ್ಮೆ ತೆಗೆದು ಓದಿ.

ನಾನು ಆರಿಸಿಕೊಳ್ಳುವುದು ಹೀಗೆ

ಮನೆಗಳು ಒತ್ತಾಗಿರುವ ಕಡೆ ಕಸಕ್ಕೆ ಗೊಬ್ಬರದ ಗುಂಡಿ, ಕೂರುವುದಕ್ಕೆ ಗ್ಯಾಸ್. ಗ್ಯಾಸಿನಲ್ಲಿ ಮನಸ್ಸಿಗೆ ತೃಪ್ತಿ ಇಲ್ಲ ಅನ್ನುವವರಿಗೆ ಮುಚ್ಚಳ ಇರುವ ಎತ್ತಿಡುವ ಒಲೆ, ಚೆನ್ನಾಗಿ ಒಣಗಿದ ಸೌದೆ, ಪಕ್ಕದವರಿಗೆ ಮುಂಚೆಯೇ ಒಂದು ಮಾತು. ಅಂಗಳ ದೊಡ್ಡದಿದ್ದು, ಮೇಲೆ ಕೊಂಬೆ ಇಲ್ಲದ, ಸುತ್ತ 25 ಅಡಿ ಖಾಲಿ ಇರುವ ಜಾಗ ಸಿಕ್ಕರೆ ನೆಲದ ಗುಂಡಿ. ಬಯಲು ರಾಶಿ ಜಮೀನಿನವರಿಗೆ ಮಾತ್ರ. ಅದೂ ಚೂರು ಮಾಡಲು ಆಗದ ಕೊಂಬೆಗೆ, ಮಳೆ ಬಿದ್ದು ನೆಲ ನೆಂದ ಕಾಲದಲ್ಲಿ, ಜೊತೆಗೆ ಇನ್ನೊಬ್ಬರನ್ನು ಇಟ್ಟುಕೊಂಡು. ಡ್ರಮ್ ಯಾರಿಗೂ ಬೇಡ.

ಆರಿಸುವುದು

ಮಣ್ಣು, ಮರಳು ಮುಚ್ಚಿ ಎದ್ದು ಹೋಗುವುದು ದೊಡ್ಡ ತಪ್ಪು. ಮರಳು ಉರಿಯನ್ನು ಮರೆಮಾಡುತ್ತದೆ, ಶಾಖವನ್ನು ಒಳಗೇ ಹಿಡಿದಿಡುತ್ತದೆ. ಬೆಳಗ್ಗೆ ಅಲ್ಲಿ ಓಡಿ ಬಂದ ಮಗುವಿನ ಕಾಲಿಗೆ ಅದು ಬರೀ ನೆಲದ ಹಾಗೆ ಕಾಣುತ್ತದೆ, ಕೆಳಗೆ ಕೆಂಡ ಇನ್ನೂ ಬಿಸಿ ಇರುತ್ತದೆ. ನೀರೇ ಬೇಕು. ಒಮ್ಮೆಗೆ ಬಕೆಟ್ ಸುರಿಯಬೇಡಿ. ಬಿಸಿ ಬೂದಿ, ಆವಿ ಮುಖಕ್ಕೆ ಹೊಡೆಯುತ್ತದೆ. ಗಾಳಿಗೆ ಬೆನ್ನು ಮಾಡಿ ನಿಂತು, ಅಂಚಿನಿಂದ ಸ್ವಲ್ಪ ಸ್ವಲ್ಪ ಹಾಕಿ. ಚುಸ್ ಅನ್ನುವ ಸದ್ದು ನಿಂತ ಮೇಲೆ ಸನಿಕೆಯಲ್ಲಿ ಮಗುಚಿ. ದಪ್ಪ ಕೊಳ್ಳಿಯ ಕೆಳಮೈ ನೋಡಿ, ಮೇಲೆ ಕಪ್ಪಗಿದ್ದರೂ ಅಡಿಯಲ್ಲಿ ಕೆಂಪು ಉಳಿದಿರುತ್ತದೆ. ಮತ್ತೆ ನೀರು, ಮತ್ತೆ ಮಗುಚುವುದು. ಕೊನೆಗೆ ಬೂದಿಯ ಮೇಲೆ ಅಂಗೈಯ ಹಿಂಭಾಗ ಹತ್ತಿರ ಹಿಡಿದು ನೋಡಿ. ಬಿಸಿ ತಾಗಿದರೆ ಇನ್ನೂ ಆರಿಲ್ಲ.

ಎತ್ತಿದ ಬೂದಿಯನ್ನು ಮುಚ್ಚಳ ಇರುವ ಲೋಹದ ಡಬ್ಬಕ್ಕೆ ಹಾಕಿ, ಮನೆಯಿಂದ ದೂರ, ಬರಿಯ ನೆಲದ ಮೇಲೆ ಇಡಿ. ಪ್ಲಾಸ್ಟಿಕ್ ಬುಟ್ಟಿ, ರಟ್ಟಿನ ಪೆಟ್ಟಿಗೆ ಬೇಡ. ಬೂದಿಯೊಳಗಿನ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಬೆಳಗ್ಗೆ ಎದ್ದ ಕೂಡಲೇ ಗುಂಡಿಯ ಹತ್ತಿರ ಹೋಗಿ ಇನ್ನೊಮ್ಮೆ ಕೈ ಹಿಡಿದು ನೋಡಿ. ತಣ್ಣಗಿದ್ದರೆ, ಹಚ್ಚುವ ಮೊದಲು ಫೋನ್ ಮಾಡಿದ್ದವರಿಗೆ ಬೆಂಕಿ ಪೂರ್ತಿ ಆರಿದೆ ಅಂತ ಹೇಳಿಬಿಡಿ.